ಅರಮನೆ ಮತ್ತು ಮಂಜಿಲ್

ಸುರಪುರ ದೂರದಿಂದ ಕಾಣುವ ಊರಲ್ಲ. ಶಹಾಪುರದ ಕಡೆಯಿಂದ ಬಂದರೆ ಮೊದಲು ಕಣ್ಣಿಗೆ ಬೀಳುವುದು ಕರಿಬಂಡೆಗಳ ಗುಡ್ಡ. ಊರು ಅದರ ಮಡಿಲಲ್ಲಿ ಅಡಗಿ ಕುಳಿತಿದೆ. ಅಡಗಲು ಕಾರಣವೂ ಇತ್ತು. ಬೇಡ ನಾಯಕರ ಹಿಂದಿನ ನೆಲೆ ಸಗರ 1687ರಲ್ಲಿ ಮೊಗಲರ ವಶವಾಯಿತು. ಆಮೇಲೆ ಪಿಡ್ಡನಾಯಕ ಹತ್ತಿರದ ವಾಗಣಗೇರಾದಲ್ಲಿ ಕೋಟೆ ಬಲಪಡಿಸಿಕೊಂಡ. 1705ರ ಫೆಬ್ರವರಿಯಲ್ಲಿ ಎಂಬತ್ತು ದಾಟಿದ ಔರಂಗಜೇಬನೇ ಅದರ ಮುಂದೆ ಬಂದು ಡೇರೆ ಹೊಡೆದ. ಅದೇ ಅವನ ಕಡೆಯ ದಂಡಯಾತ್ರೆ. ನಾಯಕನ ನೆರವಿಗೆ ಮರಾಠರ ಧನಾಜಿ ಜಾಧವ ಬಂದ. ಏಪ್ರಿಲ್ ಕೊನೆಯ ಒಂದು ರಾತ್ರಿ ನಾಯಕ ತನ್ನವರೊಡನೆ ಕತ್ತಲಲ್ಲಿ ಕರಗಿಹೋದ. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಅದಕ್ಕೆ ಅವನಿಟ್ಟ ಹೆಸರು 'ರೆಹಮಾನ್ ಬಕ್ಷ್', ಅಂದರೆ ದೇವರು ಕೊಟ್ಟದ್ದು. ಕೊಟ್ಟದ್ದು ಉಳಿಯಲಿಲ್ಲ. ಊರವರ ಬಾಯಲ್ಲಿ ಅದು ಇಂದಿಗೂ ವಾಗಣಗೇರಾವೇ.

ಇದನ್ನು ಹಿಂದೂ ಮುಸ್ಲಿಮರ ಕಾಳಗವೆಂದು ಓದುವವರು ಸುರಪುರದ ಅರಸರ ಬಿರುದನ್ನೊಮ್ಮೆ ಬಿಡಿಸಿ ನೋಡಬೇಕು. 'ಬಲವಂತ ಬಹರಿ ಬಹದ್ದೂರ್.' ಉರ್ದು ಓದಿದವರಿಗೆ ಬಹರಿ ಎಂದರೆ ಬೇಟೆಯ ಡೇಗೆ. ಶ್ರಾವಣದಲ್ಲಿ ವೇಣುಗೋಪಾಲಸ್ವಾಮಿಯ ಜಾತ್ರೆಗೆ ಎತ್ತರದ ಜಾರುಗಂಬ ಹತ್ತಿಸುವ ಅರಸು ಮನೆತನದ ಬಿರುದು ಇದು! ಇಲ್ಲಿಯ ಜನಕ್ಕೆ ಇದು ವಿಚಿತ್ರವಾಗಿ ಕಂಡದ್ದೇ ಇಲ್ಲ.

ಇಂದಿನ ಸುರಪುರವೆಂದರೆ ಅರಮನೆಯ ಸುತ್ತಲಿನ ಹಳೆಯ ಊರು, ರಂಗಂಪೇಟೆ ಮತ್ತು ತಿಮ್ಮಾಪುರ. ಹಳೆಯ ಊರಿನಲ್ಲಿ ನಿಂತು ತಲೆ ಎತ್ತಿದರೆ ಗುಡ್ಡದ ಮೇಲೊಂದು ಬಂಗಲೆ. ಹೆಸರು ಟೇಲರ್ ಮಂಜಿಲ್. ಕೆಳಗೆ ಅರಮನೆ, ಮೇಲೆ ಮಂಜಿಲ್. ಸುರಪುರದ ಹತ್ತೊಂಬತ್ತನೆಯ ಶತಮಾನವೆಲ್ಲ ಈ ಎರಡು ಕಟ್ಟಡಗಳ ನಡುವಿನ ಮಾತು. ಮಾತು ಒಂದೇ ಕಡೆಯದು ಎನ್ನುವುದೇ ತೊಡಕು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ನಿಜಾಮನ ಚಾಕರಿಗೆ ಸೇರಿದ ಈತ 1839ರಲ್ಲಿ ಠಕ್ಕರ ಕುರಿತ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದಾಗ ಅರಸ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ, ತಾಯಿ ಈಶ್ವರಮ್ಮ ರಾಣಿ. 1853ರಲ್ಲಿ ಹುಡುಗನಿಗೆ ಅಧಿಕಾರ ಒಪ್ಪಿಸಿ ಹೋಗುವವರೆಗೆ ಟೇಲರನದೇ ಆಡಳಿತ. ನಾಯಕರ ಕಾಲದ ಬೋನಾಳ ಕೆರೆಯನ್ನು ಆತ ಇನ್ನಷ್ಟು ಬಲಪಡಿಸಿದ. ಇಂದು ಅದು ಪಕ್ಷಿಧಾಮ. ರಾಜನಕೋಳೂರು, ವಿಭೂತಿಹಳ್ಳಿಗಳ ಬೃಹತ್ ಶಿಲಾಯುಗದ ಕಲ್ಲುಗಳನ್ನು ಅಳೆದು ಬರೆದ. ಆಳುವವರಲ್ಲಿ ಇಂಥವರು ಕಡಿಮೆ, ಒಪ್ಪಬೇಕು. ಹುಡುಗ ತನ್ನನ್ನು 'ಅಪ್ಪಾ' ಎನ್ನುತ್ತಿದ್ದ ಎಂದು ಟೇಲರ್ ಬರೆದಿದ್ದಾನೆ.

1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಪಡೆ ಸುರಪುರಕ್ಕೆ ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ. ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ಸಾಲಾರ್ ಜಂಗ್ ಆತನನ್ನು ರೆಸಿಡೆಂಟನ ಕೈಗೆ ಒಪ್ಪಿಸಿದ. ಮರಣದಂಡನೆ ಇಳಿದು ಕಾರಾಗೃಹವಾಯಿತು. ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಆತ ಸತ್ತ. ಕೈತಪ್ಪಿ ಹಾರಿತೋ, ತಾನೇ ಹಾರಿಸಿಕೊಂಡನೋ?

ಈ ಸಾವನ್ನು ನಾವು ಬಹುಮಟ್ಟಿಗೆ ಟೇಲರನ ಆತ್ಮಕಥೆಯಿಂದಲೇ ತಿಳಿದಿದ್ದೇವೆ. ಅದು ಅಚ್ಚಾದದ್ದು 1877ರಲ್ಲಿ, ಟೇಲರನೇ ತೀರಿಕೊಂಡ ಮರುವರ್ಷ. ಅದರಲ್ಲೊಂದು ಜಾತಕದ ಪ್ರಸಂಗವಿದೆ. ಮಗ ಇಪ್ಪತ್ನಾಲ್ಕು ತುಂಬುವ ಮುಂಚೆ ಸಾಯುತ್ತಾನೆಂದು ಜಾತಕ ಹೇಳಿದ್ದನ್ನು ರಾಣಿ ಟೇಲರನಿಗೆ ತಿಳಿಸುತ್ತಾಳೆ, ವರ್ಷಗಳ ಮೇಲೆ ಅದು ನಿಜವಾಗುತ್ತದೆ. ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಕಥೆ ಬರೆಯುವವರಿಗೆ ಇಂಥಲ್ಲಿ ಅನುಮಾನವೂ ಹುಟ್ಟುತ್ತದೆ. ಮೊದಲೇ ಬಿತ್ತಿ ಕೊನೆಗೆ ಕೊಯ್ಯುವುದು ನಮ್ಮ ಕಸುಬಿನ ಹಳೆಯ ವಿದ್ಯೆ. ಟೇಲರ್ ಸುಳ್ಳು ಹೇಳಿದ ಎನ್ನುವುದಿಲ್ಲ. ಆದರೆ ವಿಧಿ ಬರೆದಿತ್ತು ಎಂದ ಕೂಡಲೇ ಉಳಿದ ಪ್ರಶ್ನೆಗಳು ಬಾಯಿ ಮುಚ್ಚುತ್ತವೆ. ಸುರಪುರಕ್ಕೆ ದಂಡು ಕಳಿಸಿದವರು ಯಾರು? ಇಪ್ಪತ್ತರ ಹರೆಯದ ಅರಸನ ಸಿಟ್ಟಿಗೆ ಕಾರಣಗಳಿರಲಿಲ್ಲವೇ? ಸಿಕಂದರಾಬಾದಿನ ಸೆರೆಯಲ್ಲಿ ಟೇಲರನನ್ನು ಅಪ್ಪಿಕೊಂಡು ಅತ್ತ ವೆಂಕಟಪ್ಪ ನಾಯಕ ಪುಸ್ತಕದಲ್ಲಿದ್ದಾನೆ. ಅತ್ತ ಮೇಲೆ ಆತ ಏನು ಯೋಚಿಸಿದ ಎನ್ನುವುದು ಇಲ್ಲ. ಅರಮನೆಯಲ್ಲಿದ್ದವನಿಗೆ ಆತ್ಮಕಥೆ ಬರೆಯುವಷ್ಟು ಆಯುಸ್ಸು ಸಿಗಲಿಲ್ಲ.

ಊರು ಮಾತ್ರ ಇಬ್ಬರನ್ನೂ ಇಟ್ಟುಕೊಂಡಿದೆ. ಸುರಪುರದವರಿಗೆ ವೆಂಕಟಪ್ಪ ನಾಯಕ ಸ್ವಾತಂತ್ರ್ಯದ ಹುತಾತ್ಮ, ಟೇಲರ್ ಕೆರೆ ಕಟ್ಟಿಸಿದ ಸಾಹೇಬ. ಬಂಗಲೆಯನ್ನು ಕೋಠಿ ಎನ್ನದೆ ಮಂಜಿಲ್ ಎಂದರಲ್ಲ, ಆ ಮಾತು ಅರಬಿಯಿಂದ ಉರ್ದುವಿಗೆ ಬಂದದ್ದು. ದಾರಿಹೋಕ ಇಳಿದು ತಂಗುವ ಜಾಗ ಎಂದು ಅದರ ಮೂಲಾರ್ಥ. ಟೇಲರ್ 1858ರಲ್ಲಿ ಮತ್ತೆ ಬಂದು ಈ ಸೀಮೆಯನ್ನು ಇಂಗ್ಲಿಷರ ಪರವಾಗಿ ನೋಡಿಕೊಂಡ. 1860ರಲ್ಲಿ ಅದನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಸಂಸ್ಥಾನ ಅಲ್ಲಿಗೆ ಮುಗಿಯಿತು, ಟೇಲರನೂ ಇಂಗ್ಲೆಂಡಿನ ಹಡಗು ಹತ್ತಿದ.