ಅಂಗಳದಲ್ಲಿ ಇಳಿಸಿದ ಗೇರ್ ಬಾಕ್ಸ್



ನಮ್ಮ ಗಡಿನಾಡಿನಲ್ಲಿ ಗೇರ್ ಬಾಕ್ಸನ್ನು ಯಾರೂ ‘ಬಿಚ್ಚುವುದಿಲ್ಲ’, ‘ಇಳಿಸುತ್ತಾರೆ’. ಮಲಯಾಳದಲ್ಲಿ ‘ಇರಕ್ಕಣಂ’ ಎನ್ನುತ್ತಾರೆ, ತುಳುವಿನಲ್ಲಿ ‘ಜಪ್ಪಾವೊಡು’. ಮೂರು ಭಾಷೆಯಲ್ಲೂ ಮಾತು ಒಂದೇ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಈ ಮಾತು ನನಗೆ ಪರಿಚಯವಾದದ್ದು ಸಾಲದ ಲೆಡ್ಜರಿನ ಮೂಲಕ. ಮಲೆಯ ಬದಿಗೆ ಓಡುವ ಸರ್ವಿಸ್ ಜೀಪುಗಳಿಗೆ ನಮ್ಮ ಶಾಖೆಯಿಂದ ಸಾಲ ಹೋಗುತ್ತಿತ್ತು. ಕಂತು ಬಾರದೆ ವಿಚಾರಿಸಲು ಹೋದರೆ, “ಗೇರ್ ಬಾಕ್ಸ್ ಇಳಿಸಿ ಇಟ್ಟಿದೆ ಮಾರಾಯರೇ, ಬರುವ ತಿಂಗಳು ನೋಡುವ” ಎಂಬ ಉತ್ತರ. ಸುಳ್ಳಲ್ಲ. ಅಂಗಳದಲ್ಲಿ ಗೋಣಿಯ ಮೇಲೆ ಅದು ಕೂತಿರುತ್ತಿತ್ತು.

ಆ ಅಂಗಳಗಳೇ ಆಗಿನ ವರ್ಕ್‌ಶಾಪು. ಮುರಕಲ್ಲನ್ನು ಎರಡು ಸಾಲಾಗಿ ಪೇರಿಸಿ ಜೀಪನ್ನು ಮೇಲೆತ್ತಿ ಕೂರಿಸುವುದು. ಕೆಳಗೆ ಹಳೆಯ ಟಯರು, ಅದರ ಮೇಲೆ ತೆಂಗಿನ ಸಿಪ್ಪೆ ತುಂಬಿದ ಗೋಣಿ. ಎಣ್ಣೆ ಬಸಿದು, ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಬೋಲ್ಟುಗಳನ್ನು ಒಂದೊಂದಾಗಿ ತೆಗೆದು, ಇಬ್ಬರು ಎದೆಯ ಮೇಲೆ ಭಾರ ಹೊತ್ತು ಹಿಂದಕ್ಕೆ ಎಳೆದರೆ ಪೆಟ್ಟಿಗೆ ಕ್ಲಚ್ಚಿನಿಂದ ಜಾರಿ ಗೋಣಿಗೆ ಇಳಿಯುತ್ತದೆ. ಶಾಲೆಗೆ ಹೋಗದ ಹುಡುಗರೂ ಈ ಕೆಲಸವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು. ಆದರೆ ಅವರು ಬಲ್ಲದ್ದು ಕೈಯಿಂದ ಗೇರು ಹಾಕುವ ಗಾಡಿ ಮಾತ್ರ. ತಾನಾಗಿ ಗೇರು ಬದಲಿಸುವ ಕಾರು ನಮ್ಮಲ್ಲಿ ಇರಲೇ ಇಲ್ಲ.

ಏಕೆ ಇರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿದ್ದು 1914ರಲ್ಲಿ. ಮೋಟಾರು ನಮ್ಮ ಕಡೆಗೆ ತಡವಾಗಿ ಬಂದದ್ದೇನೂ ಅಲ್ಲ. 1926ರಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ನೆಲೆಯೂರಿ ಮದ್ರಾಸ್, ಮುಂಬಯಿ, ಕಲ್ಕತ್ತಗಳಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಅದೇ ಕೆಲಸ ಆರಂಭಿಸಿತು. ಈ ಜನರಲ್ ಮೋಟಾರ್ಸಿನವರೇ ಅಮೇರಿಕದಲ್ಲಿ 1940ರ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾಮ್ಯಾಟಿಕ್’ ಎಂಬ ಗೇರ್ ಬಾಕ್ಸನ್ನು ಹಾಕಿದ್ದು. ಕ್ಲಚ್ಚಿನ ಪೆಡಲು ಇಲ್ಲ, ಎಣ್ಣೆಯ ಒತ್ತಡದಿಂದಲೇ ಗೇರು ಬೀಳುತ್ತದೆ. ಯುದ್ಧಕಾಲದಲ್ಲಿ ಅದನ್ನು ಟ್ಯಾಂಕುಗಳಲ್ಲೂ ಬಳಸಿದರು. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಉಪಾಯವಾದರೋ ಇನ್ನೂ ಹಳೆಯದು. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಅದನ್ನು ಕಂಡುಹಿಡಿದಿದ್ದರು.

ಈ ಹೊಸ ಪೆಟ್ಟಿಗೆ ನಮ್ಮ ರಸ್ತೆಗೆ ಬರುವ ಮೊದಲೇ ಬಾಗಿಲು ಮುಚ್ಚಿತು. ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದವರು ಅಂಗಡಿ ಮುಚ್ಚಲಿ ಎಂದು 1953ರಲ್ಲಿ ಸುಂಕ ಆಯೋಗ ಹೇಳಿತು. 1954ರಲ್ಲಿ ಜನರಲ್ ಮೋಟಾರ್ಸೂ ಫೋರ್ಡೂ ಹೊರಟುಹೋದವು. ದೇಶದ ಕೈಗಾರಿಕೆ ಬೆಳೆಯಲಿ ಎಂಬ ಆ ನೀತಿಯನ್ನು ನಾನು ತಪ್ಪೆನ್ನಲಾರೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಉಂಟು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಮರುವರ್ಷ ಅಂಬಾಸಿಡರ್ ಬಂತು. ಆಮೇಲೆ ಎರಡು ತಲೆಮಾರಿನ ಮೆಕ್ಯಾನಿಕರಿಗೆ ಅಂಬಾಸಿಡರ್, ಫಿಯೆಟ್, ಜೀಪು, ಇಷ್ಟೇ ಪ್ರಪಂಚ. ತಾನಾಗಿ ಗೇರು ಬೀಳುವ ಕಾರನ್ನು ನಮ್ಮವರು ಕಂಡದ್ದು ಮಂಗಳೂರಿನಲ್ಲೂ ಅಲ್ಲ, ಕಣ್ಣೂರಿನಲ್ಲೂ ಅಲ್ಲ, ದುಬಾಯಿಯಲ್ಲಿ.

ನನ್ನ ಭಾವ 1992ರಲ್ಲಿ ಗಲ್ಫ್ ಬಿಟ್ಟು ಊರಿಗೆ ಬಂದರು. ಖಾಯಂ ಆಗಿ ಮರಳುವವರು ಅಲ್ಲಿ ತಾವು ಓಡಿಸಿದ ಕಾರನ್ನು ಸುಂಕ ಕಟ್ಟಿ ತರಬಹುದಿತ್ತು. ಭಾವ ತಂದರು. ಜಪಾನಿನ ಕಾರು, ಎಡಗಡೆಗೆ ಸ್ಟಿಯರಿಂಗು. ಊರಿನ ಮಕ್ಕಳು ಅದರ ಹಿಂದೆ ಓಡಿದ್ದೇ ಓಡಿದ್ದು. ವರ್ಷ ತುಂಬುವ ಮೊದಲೇ ಒಂದು ದಿನ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ವರ್ಕ್‌ಶಾಪಿನ ಹಿರಿಯರನ್ನು ನಮ್ಮಲ್ಲಿ ಆಶಾನ್ ಎಂದು ಕರೆಯುವ ಕ್ರಮ. ನಮ್ಮೂರಿನ ಆಶಾನ್ ಬಂದರು, ನೋಡಿದರು, “ಇಳಿಸುವ” ಎಂದರು. ಜೂನ್ ತಿಂಗಳು, ಜಡಿಮಳೆ. ಮಾಡಿನ ಇಳಿಜಾರಿನ ಕೆಳಗೆ ಮುರಕಲ್ಲು ಪೇರಿಸಿ ಕಾರನ್ನು ಕೂರಿಸಿದೆವು. ಟಾರ್ಚು ಹಿಡಿದವನು ನಾನು. ಬೋಲ್ಟೆಲ್ಲ ತೆಗೆದಾಯಿತು, ಪೆಟ್ಟಿಗೆ ಅಲುಗಾಡುತ್ತದೆ, ಆದರೆ ಬಿಟ್ಟು ಬರುವುದಿಲ್ಲ. ಜೀಪಿನ ಅಭ್ಯಾಸದಲ್ಲಿ ಆಶಾನ್ ಹಾರೆ ಕೊಟ್ಟು ಮೀಟಿದರು. ಕತ್ತಲಾಗುತ್ತದೆ, ಇನ್ನೊಮ್ಮೆ ಜೋರಾಗಿ ಮೀಟಿ ಎಂದು ಹೇಳಿದವನೂ ನಾನೇ. ಕಾರು ಓಲಾಡಿತು. ನೀರು ಕುಡಿದ ಮುರಕಲ್ಲು ಬೆಲ್ಲದ ಅಚ್ಚಿನ ಹಾಗೆ ಪುಡಿಯಾಯಿತು. ಕೆಳಗಿದ್ದ ಟಯರು ಅವರ ಎದೆಯನ್ನು ಉಳಿಸಿತು. ಎಡಗೈಯ ಎರಡು ಬೆರಳು ಹೋದವು.

ಎರಡು ವಾರದ ಮೇಲೆ ಪಕ್ಕದೂರಿನ ಒಬ್ಬ ಹುಡುಗ ರಜೆಯಲ್ಲಿ ಬಂದ. ಶಾರ್ಜಾದ ಗ್ಯಾರೇಜಿನಲ್ಲಿ ಕೆಲಸ. ಬಗ್ಗಿ ನೋಡಿ ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದ: “ಕನ್ವರ್ಟರಿಂಡೆ ಬೋಲ್ಟ್ ಅಳಿಚ್ಚೋ?” ಇಂಥ ಕಾರಿನಲ್ಲಿ ಕ್ಲಚ್ಚಿನ ಜಾಗದಲ್ಲಿ ಎಣ್ಣೆ ತುಂಬಿದ ದೊಡ್ಡ ಉರುಟು ಡಬ್ಬಿಯೊಂದು ಇರುತ್ತದೆ, ಅದೇ ಕನ್ವರ್ಟರು. ಅದನ್ನು ಎಂಜಿನ್ನಿನ ಫಲಕಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಕೆಳಗಿನ ಸಣ್ಣ ಕಿಂಡಿಯಲ್ಲಿ ಸ್ಪಾನರ್ ಹಾಕಿ, ಎಂಜಿನ್ನನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಒಂದೊಂದೇ ಬೋಲ್ಟು ತೆಗೆಯಬೇಕು. ಡಬ್ಬಿ ಪೆಟ್ಟಿಗೆಯೊಂದಿಗೇ ಇಳಿಯಬೇಕು. ಮತ್ತೆ ಏರಿಸುವಾಗ ಅದು ಒಳಗಿನ ಪಂಪಿಗೆ ಪೂರ್ತಿ ಕೂತಿತೇ ಎಂದು ನೋಡದೆ ಬಿಗಿದರೆ ಪಂಪು ಒಡೆಯುತ್ತದೆ. ಇಷ್ಟೇ ವಿದ್ಯೆ. ಮೂವತ್ತು ವರ್ಷ ಗೇರ್ ಬಾಕ್ಸ್ ಇಳಿಸಿದ ಆಶಾನರಿಗೆ ಇದನ್ನು ಹೇಳಿಕೊಡುವವರು ಇರಲಿಲ್ಲ.

ಆ ಹುಡುಗ ಗಟ್ಟಿ ಮರದ ದಿಮ್ಮಿಗಳನ್ನು ಇಟ್ಟು ಪೆಟ್ಟಿಗೆಯನ್ನು ಇಳಿಸಿದ. ಎಣ್ಣೆ ಸಮೇತ ಒಂದು ಅಡಿಕೆ ಮೂಟೆಯಷ್ಟು ಭಾರ. ಚಾವಡಿಯಲ್ಲಿ ಗೋಣಿ ಹಾಸಿ ಬಿಚ್ಚುವಾಗ ನೆರೆಮನೆಯ ಅಜ್ಜ ಬಂದು ಕೂತರು. ಎಂಬತ್ತು ದಾಟಿದವರು, ಪ್ರಾಯದಲ್ಲಿ ಒಬ್ಬ ವ್ಯಾಪಾರಿಯ ಫೋರ್ಡ್ ಕಾರಿಗೆ ಕ್ಲೀನರ್ ಆಗಿದ್ದವರು. ಒಳಗಿನಿಂದ ಹಲ್ಲುಚಕ್ರಗಳು ಹೊರಬಂದವು. ನಡುವೆ ಒಂದು ಚಕ್ರ, ಅದರ ಸುತ್ತ ಗ್ರಹಗಳ ಹಾಗೆ ಸಣ್ಣ ಚಕ್ರಗಳು, ಹೊರಗಿನಿಂದ ಉಕ್ಕಿನ ಪಟ್ಟಿ. ಅಜ್ಜ ಕನ್ನಡಕ ಸರಿಮಾಡಿಕೊಂಡು, “ಇದು ನಮ್ಮ ಫೋರ್ಡಿನದೇ ಅಲ್ಲವಾ? ಆ ಪಟ್ಟಿ ಸವೆದರೆ ನಾವೇ ಬದಲಿಸುತ್ತಿದ್ದೆವು” ಎಂದರು.

ನಾವು ನಕ್ಕೆವು. ಆಮೇಲೆ ಓದಿ ನೋಡಿದರೆ ಅಜ್ಜನ ಮಾತು ನಿಜ. 1908ರಿಂದ 1927ರ ತನಕ ಒಂದೂವರೆ ಕೋಟಿ ತಯಾರಾದ ಫೋರ್ಡಿನ ‘ಟಿ’ ಮಾದರಿಯಲ್ಲಿ ಇದ್ದದ್ದು ಇಂಥ ಗ್ರಹಚಕ್ರಗಳೇ. ಮೂರು ಪೆಡಲು. ಎಡಗಡೆಯದನ್ನು ಪೂರ್ತಿ ಒತ್ತಿದರೆ ಸಣ್ಣ ಗೇರು, ಬಿಟ್ಟರೆ ದೊಡ್ಡ ಗೇರು, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ಪ್ರತಿಯೊಂದಕ್ಕೂ ಹತ್ತಿಯ ಲೈನಿಂಗ್ ಇರುವ ಒಂದೊಂದು ಪಟ್ಟಿ. ಅದು ಸವೆದಾಗ ಪೆಟ್ಟಿಗೆಯನ್ನು ಇಳಿಸುವುದೂ ಬೇಡ, ಮೇಲಿನ ಮುಚ್ಚಳ ತೆಗೆದು ಕಾರಿನ ಯಜಮಾನನೇ ಹೊಸದು ಹಾಕಬಹುದಿತ್ತು. ಅದರಲ್ಲಿ ಪೆಟ್ರೋಲು ಇಳಿಜಾರಿನಲ್ಲಿ ತಾನಾಗಿ ಹರಿದು ಬರಬೇಕು. ಟಾಂಕಿಯಲ್ಲಿ ಕಡಿಮೆ ಇದ್ದರೆ ಗುಡ್ಡ ಹತ್ತುವಾಗ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಏರಿಸಬೇಕಾಗಿತ್ತು. ಅಜ್ಜ ಇದನ್ನು ಕೈಸನ್ನೆ ಮಾಡಿ ತೋರಿಸಿದಾಗ ಆಶಾನ್ ಕೂಡ ನಕ್ಕರು, ಕೈಗೆ ಬ್ಯಾಂಡೇಜು ಇದ್ದಂತೆಯೇ. ಹೈಡ್ರಾಮ್ಯಾಟಿಕ್‌ನವರು ಮಾಡಿದ್ದು ಇಷ್ಟೇ: ಫೋರ್ಡಿನಲ್ಲಿ ಕಾಲು ಬಿಗಿಯುತ್ತಿದ್ದ ಪಟ್ಟಿಯನ್ನು ಎಣ್ಣೆಯ ಒತ್ತಡ ಬಿಗಿಯುವಂತೆ ಮಾಡಿದರು. ಅಜ್ಜನಿಗೆ ಗೊತ್ತಿದ್ದದ್ದು ಆಶಾನರಿಗೆ ತಲುಪಲಿಲ್ಲ, ನಡುವೆ ನಲವತ್ತು ವರ್ಷ ಆ ಜಾತಿಯ ಚಕ್ರ ನಮ್ಮ ಊರಿಗೆ ಬಂದಿರಲಿಲ್ಲ.

ಈಗ ಹೀಗಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ‘ಆಟೋಮ್ಯಾಟಿಕ್’ ಎಂಬುದು ಸಾಮಾನ್ಯರ ಮಾತಾಗಿದೆ. ನಿಜ ಹೇಳಬೇಕೆಂದರೆ ಅದು ಹಳೆಯ ಕ್ಲಚ್ಚು, ಹಳೆಯ ಗೇರು. ಹಾಕುವ ಕೈ ಮಾತ್ರ ಯಂತ್ರದ್ದು. ಕೆಟ್ಟರೆ ಅಂಗಳಕ್ಕೆ ಯಾರೂ ತರುವುದಿಲ್ಲ, ಲಾರಿಯ ಮೇಲೇರಿಸಿ ಪೇಟೆಗೆ ಒಯ್ಯುತ್ತಾರೆ.

ಭಾವನ ಕಾರು ಮತ್ತೆ ಆರು ವರ್ಷ ಓಡಿತು. ಆಶಾನ್ ಮೂರು ಬೆರಳಿನ ಎಡಗೈಯಲ್ಲೇ ಕೆಲಸ ಮುಂದುವರಿಸಿದರು. ಆ ಮಳೆಗಾಲದಲ್ಲಿ ಅವರ ಜೀಪಿನ ಸಾಲದ ಕಂತನ್ನು ನಾಲ್ಕು ತಿಂಗಳು ನಾನು ಕಟ್ಟಿದೆ. ಯಾರು ಕಟ್ಟಿದ್ದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಶೆಡ್ಡಿನಲ್ಲಿ ಹಲಸಿನ ಮರದ ನಾಲ್ಕು ದಿಮ್ಮಿಗಳು ಬಂದು ಕೂತವು. ಪೇರಿಸಿಟ್ಟಿದ್ದ ಮುರಕಲ್ಲುಗಳನ್ನೆಲ್ಲ ಅವರು ಬಾವಿಯ ಕಟ್ಟೆಗೆ ಕಟ್ಟಿಸಿಬಿಟ್ಟರು.