ಕೆಂಪು ಮೂತಿಯ ಮಂಗನ ಋಣ



ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿದವರು ನಮ್ಮಲ್ಲಿ ಬಹಳ ಮಂದಿ. ಪೋಲಿಯೋ ಲಸಿಕೆಯ ಹಿಂದೆ ಒಂದು ಮಂಗನ ಕಥೆಯಿದೆ. ಅದು ನಮ್ಮೂರ ಕಡೆಯ, ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಮಂಗವಲ್ಲ. ದೆಹಲಿಯ ಕೇಳುಗರು ಮಾಳಿಗೆಯ ಮೇಲೆ ನೋಡುವ ಕೆಂಪು ಮೂತಿಯ ರೀಸಸ್ ಮಂಗ.

ಅಮೆರಿಕದ ಜೋನಾಸ್ ಸಾಲ್ಕ್ ಅವರ ಲಸಿಕೆ 1955ರಲ್ಲಿ ಬಳಕೆಗೆ ಬಂತು. ಅದರ ವೈರಸ್ ಬೆಳೆಸಲು ಮಂಗನ ಮೂತ್ರಪಿಂಡದ ಜೀವಕೋಶ ಬೇಕಿತ್ತು. ಉತ್ತರ ಭಾರತದಲ್ಲಿ ಹಿಡಿದ ಮಂಗಗಳು ವಿಮಾನವೇರಿ ಹೊರಟವು. 1950ರ ದಶಕದ ಕೊನೆಗೆ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು! ಹಿಡಿದಷ್ಟೂ ಸಿಗುವಾಗ ಸಾಕಿ ಬೆಳೆಸುವ ಗೋಜು ಯಾರಿಗೆ ಬೇಕು?

ಈ ಧೋರಣೆಗೆ ಮೂರು ಪೆಟ್ಟು ಬಿದ್ದವು. 1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ, ಭಾರತದಿಂದ ಹೊರಟಿದ್ದ ಸುಮಾರು 400 ಮಂಗಗಳು ಉಸಿರುಕಟ್ಟಿ ಸತ್ತವು. ಭಾರತ ರಫ್ತು ನಿಲ್ಲಿಸಿತು. ವೈದ್ಯಕೀಯ ಸಂಶೋಧನೆಗೆ ಮತ್ತು ಲಸಿಕೆಗೆ ಮಾತ್ರ ಬಳಸುವ ಭರವಸೆ ಸಿಕ್ಕ ಮೇಲೆ ಮತ್ತೆ ಒಪ್ಪಿತು.

1960ರಲ್ಲಿ ಇನ್ನೊಂದು ಆಘಾತ. ಮಂಗನ ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಅಡಗಿದ್ದ ಎಸ್‌ವಿ-40 ಎಂಬ ವೈರಸ್ ಪತ್ತೆಯಾಯಿತು. ಅಷ್ಟರಲ್ಲಿ ಅದು ಲಸಿಕೆಗೂ ಸೇರಿ, ಕೋಟ್ಯಂತರ ಜನರ ಮೈ ಹೊಕ್ಕಿತ್ತು. ಎಲ್ಲಿಂದಲೋ ಹಿಡಿದು ತಂದ ಪ್ರಾಣಿಯ ಒಡಲಲ್ಲಿ ಏನಿದೆಯೆಂದು ಬಲ್ಲವರಾರು?

ಕೊನೆಯ ಪೆಟ್ಟು ಭಾರತದ್ದೇ. ಮಂಗಗಳನ್ನು ಅಮೆರಿಕದ ಸೇನೆಯ ವಿಕಿರಣ ಪ್ರಯೋಗಗಳಿಗೂ ಬಳಸಿದ ಸುದ್ದಿ ಹೊರಬಿತ್ತು. ಮೊರಾರ್ಜಿ ದೇಸಾಯಿ ಸರ್ಕಾರ 1978ರ ಏಪ್ರಿಲ್‌ನಿಂದ ರಫ್ತನ್ನೇ ನಿಷೇಧಿಸಿತು. ಆಮೇಲೆ ಅಮೆರಿಕದಲ್ಲಿ ಮಂಗಗಳನ್ನು ಅಲ್ಲೇ ಸಾಕಿ ಬೆಳೆಸುವ ಕೆಲಸಕ್ಕೆ ವೇಗ ಬಂತು. ಹುಟ್ಟು, ಆಹಾರ, ಕಾಯಿಲೆ ಎಲ್ಲಕ್ಕೂ ಲೆಕ್ಕ ಇಡತೊಡಗಿದರು. ಸುಲಭವಾಗಿ ಸಿಗುವುದು ನಿಂತಾಗಲೇ ಆರೈಕೆಗೆ ಬೆಲೆ ಬಂತು!

ನಮ್ಮ ದೇಶದಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲೇ ಬಂದಿತ್ತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಮೊದಲು ದನಿಯೆತ್ತಿದವರು ಮದರಾಸಿನ ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. ಆದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವವರೂ ಬಳಸುವವರೂ ನೋಂದಾಯಿಸಬೇಕೆಂಬ ನಿಯಮಗಳು ಬಂದದ್ದು 1998ರಲ್ಲಿ.

ಇದು ಬರೀ ಕರುಣೆಯ ಮಾತಲ್ಲ. ಹೆದರಿದ, ರೋಗ ಹಿಡಿದ ಪ್ರಾಣಿಯಿಂದ ವಿಜ್ಞಾನಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂಬ ಮಾನ್ಯತೆ ಪಡೆಯಿತು. ಆ ಸಂತೋಷದಲ್ಲಿ ಮಂಗನದ್ದೂ ಒಂದು ಪಾಲಿದೆ. ಇನ್ನು ಮಾಳಿಗೆಯ ಮೇಲೆ ಅದು ಕಂಡಾಗ, ಓಡಿಸುವ ಮುನ್ನ ಒಮ್ಮೆ ನೆನೆಯೋಣ. ಏನಂತೀರಿ?