ಸಣ್ಣ ವಿಮಾನಗಳ ರೇಡಿಯೊ ಸಂವಹನ

ಒಂದೇ ಎಂಜಿನ್ನಿನ ತರಬೇತಿ ವಿಮಾನ, ಖಾಸಗಿ ವಿಮಾನ ಮುಂತಾದ ಹಗುರ ವಿಮಾನಗಳ ಪೈಲಟ್‌ಗಳು ಕಂಟ್ರೋಲ್ ಟವರ್‌ನೊಂದಿಗೂ ಸುತ್ತಲಿನ ಇತರ ವಿಮಾನಗಳೊಂದಿಗೂ ರೇಡಿಯೊದಲ್ಲಿ ನಡೆಸುವ ಮಾತುಕತೆ. ಇದರಲ್ಲಿ ಬರುವ ತೊಡಕುಗಳು ಎರಡು ಬಗೆ: ಮಾತು ಕೇಳಿಸದೇ ಹೋಗುವುದು, ಮಾತು ತಪ್ಪಾಗಿ ಕೇಳಿಸುವುದು. ಮೊದಲನೆಯದಕ್ಕೆ ವಿಮಾನಯಾನ ಹಲವು ಪರಿಹಾರಗಳನ್ನು ಕಂಡುಕೊಂಡಿದೆ. ಹೆಚ್ಚು ಅಪಾಯಕಾರಿ ಎರಡನೆಯದು. ತಪ್ಪು ಕೇಳಿಸಿಕೊಂಡವನಿಗೆ ತನಗೆ ಸರಿಯಾಗಿಯೇ ಕೇಳಿಸಿತು ಎಂಬ ಭರವಸೆ ಇರುತ್ತದೆ.

ರೇಡಿಯೊ ಬರುವ ಮೊದಲು ಸಂಕೇತವೇ ಭಾಷೆಯಾಗಿತ್ತು. 1929ರ ಸುಮಾರಿಗೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರ್ಚಿ ಲೀಗ್ ಎಂಬವರು ಮೈದಾನದಲ್ಲೇ ನಿಂತು ಬಾವುಟ ಬೀಸಿ ವಿಮಾನಗಳನ್ನು ಬಿಡುತ್ತಿದ್ದರು, ತಡೆಯುತ್ತಿದ್ದರು. 1930ರಲ್ಲಿ ಕ್ಲೀವ್‌ಲ್ಯಾಂಡ್‌ನ ಟವರ್ ರೇಡಿಯೊ ಬಳಸತೊಡಗಿತು.

ಇಂದು ಈ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವಿನ ವಿಎಚ್‌ಎಫ್ ಪಟ್ಟಿಯಲ್ಲಿ. ಈ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಭೂಮಿಯ ಬಾಗು, ಗುಡ್ಡ, ಕಟ್ಟಡ ಎಲ್ಲವೂ ಅಡ್ಡಬರುತ್ತವೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಸುಮಾರು 225 ಕಿ.ಮೀ. ದೂರ ತಲುಪುವ ಮಾತು ಸಾವಿರ ಅಡಿಯಲ್ಲಿ ಸುಮಾರು 70 ಕಿ.ಮೀ.ಗೇ ನಿಲ್ಲುತ್ತದೆ. ಕೆಳಮಟ್ಟದಲ್ಲೇ ಹಾರುವ ಸಣ್ಣ ವಿಮಾನಕ್ಕೆ ಈ ಮಿತಿ ದೊಡ್ಡ ಜೆಟ್‌ಗಿಂತ ಬೇಗ ಎದುರಾಗುತ್ತದೆ.

ಒಂದು ಟವರ್‌ನೊಂದಿಗೆ ಮಾತಾಡುವ ಎಲ್ಲರಿಗೂ ಇರುವುದು ಒಂದೇ ಚಾನೆಲ್. ಮೈಕ್ ಗುಂಡಿ ಒತ್ತಿದಾಗ ಮಾತಾಡಬಹುದು, ಬಿಟ್ಟಾಗ ಕೇಳಬಹುದು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಗುಂಡಿ ಒತ್ತುವ ಮೊದಲೇ ಬಾಯಿ ತೆರೆದರೆ ಕರೆಗುರುತಿನ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ. ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡರಂತೂ ಆ ಒಂದು ವಿಮಾನ ಇಡೀ ಚಾನೆಲನ್ನು ಕಟ್ಟಿಹಾಕುತ್ತದೆ. ಅದರ ಪೈಲಟ್‌ಗೆ ಏನೂ ಕೇಳಿಸದ ಕಾರಣ ತೊಂದರೆ ತನ್ನಿಂದಲೇ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಉಳಿದವರಿಗೆ ಕೇಳಿಸುವುದು ಸಿಳ್ಳೆಯಂಥ ಕರ್ಕಶ ಸದ್ದು. ವಿಮಾನಯಾನ ಎಫ್‌ಎಂ ಬಿಟ್ಟು ಎಎಂ ವಿಧಾನವನ್ನೇ ಉಳಿಸಿಕೊಂಡಿರುವುದರ ಒಂದು ಲಾಭ ಇದು: ಎಫ್‌ಎಂನಲ್ಲಿ ಬಲವಾದ ಧ್ವನಿ ದುರ್ಬಲ ಧ್ವನಿಯನ್ನು ಸುಳಿವೇ ಇಲ್ಲದಂತೆ ಅಳಿಸಿಬಿಡುತ್ತದೆ, ಎಎಂನಲ್ಲಿ ಯಾರೋ ಇನ್ನೊಬ್ಬರು ಮಾತಾಡಿದರು ಎಂಬುದಾದರೂ ಗೊತ್ತಾಗುತ್ತದೆ. ಆದರೆ ಏನು ಹೇಳಿದರೆಂಬುದು ಗೊತ್ತಾಗುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತ ದುರಂತದಲ್ಲಿ, ಟವರ್ ಮತ್ತು ಪ್ಯಾನ್ ಆಮ್ ಸಿಬ್ಬಂದಿ ಏಕಕಾಲಕ್ಕೆ ಆಡಿದ ಮಾತು ಕೆಎಲ್‌ಎಂ ಪೈಲಟ್‌ಗಳನ್ನು ತಲುಪಿದ್ದು ಇಂಥ ಸಿಳ್ಳೆಯಾಗಿಯೇ.

ಸಣ್ಣ ವಿಮಾನಗಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವ ಪ್ರಕರಣ ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯದು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಟವರ್ ಇರಲಿಲ್ಲ. ಪೈಲಟ್‌ಗಳೇ ಸಾಮಾನ್ಯ ಚಾನೆಲ್‌ನಲ್ಲಿ ತಮ್ಮ ಇರವನ್ನು ಪರಸ್ಪರ ತಿಳಿಸಿಕೊಳ್ಳಬೇಕಿತ್ತು. 1996ರ ನವೆಂಬರ್ 19ರ ಸಂಜೆ ಹನ್ನೆರಡು ಜನರಿದ್ದ ಬೀಚ್‌ಕ್ರಾಫ್ಟ್ 1900 ವಿಮಾನ ಇಳಿಯಲು ಬರುತ್ತಿತ್ತು. ಅದರ ರನ್‌ವೇಯನ್ನು ಅಡ್ಡ ಹಾಯುವ ಇನ್ನೊಂದು ರನ್‌ವೇಯಲ್ಲಿ ಒಂದು ಕಿಂಗ್ ಏರ್, ಅದರ ಹಿಂದೆ ಒಂದು ಪೈಪರ್ ಚೆರೋಕಿ ಹೊರಡಲು ಸಜ್ಜಾಗಿದ್ದವು. ಅಲ್ಲಿರುವ ವಿಮಾನ ಕಾಯುತ್ತದೆಯೋ ಹೊರಡುತ್ತದೆಯೋ ಎಂದು ಬೀಚ್‌ಕ್ರಾಫ್ಟ್ ಕೇಳಿತು. ಕಿಂಗ್ ಏರ್ ಉತ್ತರಿಸಲಿಲ್ಲ. ಉತ್ತರಿಸಿದ್ದು ಚೆರೋಕಿ, ತಾನು ಕಾಯುತ್ತಿರುವುದಾಗಿ. ಆ ಉತ್ತರದ ನಡುವೆಯೇ ಬೀಚ್‌ಕ್ರಾಫ್ಟ್‌ನ ಕಾಕ್‌ಪಿಟ್‌ನಲ್ಲಿ ಎತ್ತರ ತಿಳಿಸುವ ಯಂತ್ರಧ್ವನಿ ಮೊಳಗಿತು. ಚೆರೋಕಿಯ ಮಾತಿನಲ್ಲಿ ಬಂದ ‘ಕಿಂಗ್ ಏರ್’ ಎಂಬ ಹೆಸರು ಕಿವಿಗೆ ಬಿತ್ತು. ಕಾಯುತ್ತಿರುವುದು ಕಿಂಗ್ ಏರ್ ಎಂದೇ ಪೈಲಟ್‌ಗಳು ಭಾವಿಸಿ ಇಳಿದರು. ಅಷ್ಟರಲ್ಲಿ ಕಿಂಗ್ ಏರ್ ಹೊರಟಿತ್ತು. ರನ್‌ವೇಗಳು ಕೂಡುವಲ್ಲಿ ಈ ಎರಡೂ ವಿಮಾನಗಳು ಡಿಕ್ಕಿಯಾಗಿ ಹೊತ್ತಿಕೊಂಡವು. ಎರಡರಲ್ಲಿದ್ದ 14 ಮಂದಿಯೂ ಸತ್ತರು. ಕಿಂಗ್ ಏರ್ ಪೈಲಟ್‌ಗಳು ಚಾನೆಲ್‌ಗೆ ಸರಿಯಾಗಿ ಕಿವಿಗೊಡದೆ, ಸುತ್ತ ಸರಿಯಾಗಿ ಕಣ್ಣುಹಾಯಿಸದೆ ಹೊರಟದ್ದೇ ಕಾರಣವೆಂದು ತನಿಖೆ ತೀರ್ಮಾನಿಸಿತು; ಚೆರೋಕಿಯ ಮಾತು ಮಧ್ಯೆ ಕಡಿದುಹೋದದ್ದನ್ನೂ ಪೂರಕ ಕಾರಣವಾಗಿ ಎಣಿಸಿತು. ಈ ಕಾರಣಗಳಲ್ಲಿ ಕೆಟ್ಟ ರೇಡಿಯೊ ಇರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಅರ್ಧ ಕೇಳಿದ್ದನ್ನು ಮನಸ್ಸು ತನ್ನ ನಿರೀಕ್ಷೆಯಿಂದ ತುಂಬಿಕೊಳ್ಳುವುದನ್ನು ತಡೆಯಲು ಬಂದ ಕ್ರಮವೇ ಮರುಪಠಣ. ರನ್‌ವೇ ಪ್ರವೇಶ, ಇಳಿಯುವಿಕೆ, ಹಾರಾಟಕ್ಕೆ ಸಿಕ್ಕ ಅನುಮತಿಯನ್ನೂ ತಡೆದು ನಿಲ್ಲುವ ಸೂಚನೆಯನ್ನೂ ಪೈಲಟ್ ತಿರುಗಿ ಹೇಳಬೇಕು; ಅದು ಸರಿಯಿದೆಯೇ ಎಂದು ನಿಯಂತ್ರಕರು ಆಲಿಸಬೇಕು. ‘ಸರಿ’, ‘ಆಯಿತು’ ಎಂಬಂಥ ಉತ್ತರ ಸಾಲದು. ಅಕ್ಷರಗಳು ತಪ್ಪಾಗಿ ಕೇಳಿಸದಿರಲೆಂದು ರೂಪಿಸಿದ ‘ಆಲ್ಫಾ, ಬ್ರಾವೊ, ಚಾರ್ಲಿ’ ಅಕ್ಷರಮಾಲೆ 1956ರಿಂದ ಬಳಕೆಯಲ್ಲಿದೆ. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ನಿಯಂತ್ರಕರೂ ರೇಡಿಯೊ ಮಾತಿಗೆ ಬಳಸುವ ಭಾಷೆಯಲ್ಲಿ ಕನಿಷ್ಠ ನಾಲ್ಕನೇ ಮಟ್ಟದ ಪ್ರಾವೀಣ್ಯ ಹೊಂದಿರಬೇಕೆಂಬ ನಿಯಮ 2008ರ ಮಾರ್ಚ್‌ನಲ್ಲಿ ಜಾರಿಗೆ ಬಂತು.

ಇಷ್ಟಾದರೂ ಒಬ್ಬನೇ ಹಾರಿಸುವ ಪೈಲಟ್‌ನ ಹೊರೆ ಇಳಿಯುವುದಿಲ್ಲ. ಅವನ ಪಕ್ಕದಲ್ಲಿ ರೇಡಿಯೊ ನೋಡಿಕೊಳ್ಳುವ ಸಹಪೈಲಟ್ ಇಲ್ಲ. ಎಂಜಿನ್ನಿನ ಗದ್ದಲದ ನಡುವೆ, ಇಳಿಯುವ ತಯಾರಿಯಲ್ಲಿರುವಾಗಲೇ ಟವರ್‌ನಿಂದ ಉದ್ದನೆಯ ಸೂಚನೆ ಬಂದರೆ ಅದರ ಕೊನೆಯ ಭಾಗವಷ್ಟೇ ನೆನಪಿನಲ್ಲಿ ಉಳಿಯಬಹುದು. ಅದಕ್ಕೇ ಮೊದಲು ವಿಮಾನವನ್ನು ಹತೋಟಿಯಲ್ಲಿಡು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು ಎಂದು ತರಬೇತಿಯಲ್ಲಿ ಕಲಿಸುತ್ತಾರೆ. ಅರ್ಥವಾಗದಿದ್ದರೆ ಮತ್ತೆ ಹೇಳಿ ಎಂದು ಕೇಳುವುದು ಪೈಲಟ್‌ನ ಹಕ್ಕು. ಹೊಸಬರು ಸಂಕೋಚದಿಂದ ಅದನ್ನು ಬಳಸದಿರುವುದು ನಿಜಕ್ಕೂ ಚಿಂತೆಯ ಸಂಗತಿ.

ರೇಡಿಯೊ ಪೂರ್ತಿ ಕೆಟ್ಟರೆ ಪೈಲಟ್ ಮೊದಲು ಧ್ವನಿಮಟ್ಟ, ಹೆಡ್‌ಸೆಟ್ ಪ್ಲಗ್, ಫ್ರೀಕ್ವೆನ್ಸಿ ಪರೀಕ್ಷಿಸುತ್ತಾನೆ. ಬಳಿಕ ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಸಂಖ್ಯೆ ಇಟ್ಟರೆ ರಾಡಾರ್ ಪರದೆಯ ಮುಂದಿರುವವರಿಗೆ ವಿಷಯ ತಿಳಿಯುತ್ತದೆ. ಟವರ್ ಬೆಳಕಿನ ಸಂಕೇತ ತೋರುತ್ತದೆ: ಹಾರುತ್ತಿರುವ ವಿಮಾನಕ್ಕೆ ಸ್ಥಿರ ಹಸಿರು ಎಂದರೆ ಇಳಿಯಲು ಅನುಮತಿ, ಸ್ಥಿರ ಕೆಂಪು ಎಂದರೆ ಇತರರಿಗೆ ದಾರಿ ಬಿಟ್ಟು ಸುತ್ತುತ್ತಿರು, ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ. ಹಗಲಿನಲ್ಲಿ ಪೈಲಟ್ ರೆಕ್ಕೆ ಅಲುಗಿಸಿ, ರಾತ್ರಿ ದೀಪ ಮಿನುಗಿಸಿ ಒಪ್ಪಿಗೆ ಸೂಚಿಸುತ್ತಾನೆ.

ಭಾರತದಲ್ಲಿ ವಿಮಾನ ಹಾರಿಸುವ ಪರವಾನಗಿಯ ಜೊತೆಗೆ ರೇಡಿಯೊ ಬಳಸಲು ಆರ್‌ಟಿಆರ್ ಎಂಬ ಪ್ರತ್ಯೇಕ ಅರ್ಹತೆಯೂ ಬೇಕು. ಬೆಂಗಳೂರಿನ ಜಕ್ಕೂರು ಮೈದಾನದಲ್ಲಿ ಕಲಿಯುವವರಿಗೂ ಇದು ಅನ್ವಯಿಸುತ್ತದೆ. ಬಹುಕಾಲ ದೂರಸಂಪರ್ಕ ಇಲಾಖೆಯ ಕೈಯಲ್ಲಿದ್ದ ಈ ಹೊಣೆಯನ್ನು 2024ರ ಭಾರತೀಯ ವಾಯುಯಾನ ಅಧಿನಿಯಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವಹಿಸಿತು.